ಬಂಡಿಯೇ ಮನೆಯಾದ ಬಗೆ

ಮನೆ ನಿಲ್ಲಬೇಕು, ಬಂಡಿ ಚಲಿಸಬೇಕು. ಒಂದಕ್ಕೆ ತಳಪಾಯ ಆಧಾರ, ಇನ್ನೊಂದಕ್ಕೆ ಚಕ್ರ ಆಧಾರ. ಹೀಗೆ ಒಂದಕ್ಕೊಂದು ವಿರುದ್ಧ ಸ್ವಭಾವದ ಈ ಎರಡನ್ನೂ ಕೂಡಿಸಬೇಕೆಂಬ ಆಸೆ ಮನುಷ್ಯನಿಗೆ ಬಹು ಹಳೆಯದು. ಈಚಿನ ಕೆಲವು ವರ್ಷಗಳಿಂದ ನಮ್ಮ ನಾಡಿನಲ್ಲಿ ಆ ಆಸೆ ಹೊಸ ವೇಷದಲ್ಲಿ ಕಾಣಿಸಿಕೊಂಡಿದೆ. ಹತ್ತು ಹದಿನೈದು ಮಂದಿ ಕೂರುವ ದೊಡ್ಡ ವ್ಯಾನೊಂದನ್ನು ಕೊಂಡು, ಅದರ ಸೀಟುಗಳನ್ನೆಲ್ಲ ಕಿತ್ತು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು, ಬಟ್ಟೆಬರೆಯ ಗೂಡು ಇವುಗಳನ್ನು ಅಣಿಗೊಳಿಸಿಕೊಂಡು ಹೆಂಡತಿ ಮಕ್ಕಳೊಡನೆ ದೇಶ ತಿರುಗುವವರು ಹೆಚ್ಚುತ್ತಿದ್ದಾರೆ. ಇಂಥ ವಾಹನಕ್ಕೆ ಕ್ಯಾಂಪರ್ ಎಂದು ಹೆಸರು. ಮಲೆನಾಡಿನವರಿಗೆ ಇಷ್ಟು ಸಾಲದು. ಬರಿಯ ಹಿಂದಿನ ಚಕ್ರಗಳು ನೂಕುವ ವ್ಯಾನು ನಮ್ಮ ಕೆಸರಿನಲ್ಲಿ ಎರಡು ಮಾರು ಹೋಗುವುದರೊಳಗೆ ಕೂತುಬಿಡುತ್ತದೆ. ಆದ್ದರಿಂದ ನಾಲ್ಕು ಚಕ್ರಗಳೂ ಎಳೆಯುವಂತಾಗಬೇಕು, ಜೀಪಿನವರು ಹೇಳುವ ಹಾಗೆ ‘ಫೋರ್ ವೀಲ್’ ಆಗಬೇಕು ಎಂಬುದು ಇಲ್ಲಿನವರ ಹಂಬಲ.

ಇದೆಲ್ಲ ಹಣವುಳ್ಳವರ ಶೋಕಿ, ಪರದೇಶದ ಅನುಕರಣೆ ಎಂದು ಮೂಗು ಮುರಿಯುವವರನ್ನು ನಾನು ಬಲ್ಲೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಮಂಚ ಒಲೆಗಳುಳ್ಳ ಮೋಟಾರು ಪರದೇಶದಿಂದ ಬಂದದ್ದು. ನಾಲ್ಕು ಚಕ್ರದ ಎಳೆತ ಯುದ್ಧದಿಂದ ಬಂದದ್ದು. ಆದರೆ ಇವೆರಡನ್ನೂ ಮೀರಿದ ಮೂರನೆಯದೊಂದು ಇಲ್ಲಿ ಸೇರಿದೆ. ವಾಹನವನ್ನು ತನ್ನ ನೆಲಕ್ಕೆ ಹೊಂದಿಸಿಕೊಳ್ಳುವ ಕೈಕೆಲಸ ಅದು. ಆ ವಿದ್ಯೆ ನಮ್ಮದೇ. ಅದರ ಚರಿತ್ರೆಯನ್ನು ಯಾರೂ ಚರಿತ್ರೆಯೆಂದು ಎಣಿಸದಿರುವುದರಿಂದ ಅದನ್ನಿಲ್ಲಿ ಸಂಗ್ರಹವಾಗಿ ಹೇಳಬೇಕೆನಿಸಿದೆ.

ನಾನು ಇದನ್ನು ಬರೆಯುತ್ತಿರುವುದು ಶಂಕರಘಟ್ಟದಲ್ಲಿ. ಶಿವಮೊಗ್ಗದಿಂದ ೨೮ ಕಿಲೋಮೀಟರು, ಭದ್ರಾವತಿಯಿಂದ ೧೮ ಕಿಲೋಮೀಟರು ದೂರದ ಈ ಊರಿಗೆ ೧೯೮೭ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯದಿಂದ ಹೆಸರು ಬಂತು. ಅದಕ್ಕೂ ಮೊದಲು ಇಲ್ಲಿಯ ದೊಡ್ಡ ಸುದ್ದಿಯೆಂದರೆ ಪಕ್ಕದ ಬಿ.ಆರ್.ಪಿ., ಅಂದರೆ ಭದ್ರಾ ಜಲಾಶಯ ಯೋಜನೆ. ೧೯೪೭ರಲ್ಲಿ ಆರಂಭವಾದ ಆ ಅಣೆಕಟ್ಟು ೧೯೬೫ರ ಹೊತ್ತಿಗೆ ಮುಗಿಯಿತು. ಅದರಾಚೆಗೆ ಲಕ್ಕವಳ್ಳಿ, ಮುತ್ತೋಡಿಗಳ ಕಾಡು. ಡಾಂಬರು ರಸ್ತೆ ಇದ್ದಷ್ಟು ದೂರ ಯಾವ ಗಾಡಿಯಾದರೂ ಸರಿಯೇ. ಆಷಾಢದ ಮಳೆಯಲ್ಲಿ ಪಕ್ಕದ ತೋಟದ ದಾರಿಗೆ ಇಳಿದಾಗಲೇ ಗಾಡಿಯ ಗುಣ ತಿಳಿಯುವುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೇ ದಾರಿಯ ಕೊನೆಯಲ್ಲಿ ವಾಸವಾಗಿದ್ದಾನೆ. ಕನ್ನಡ ಓದಿ ಗ್ಯಾರೇಜು ಹಿಡಿದವನು ಅವನು. ಹಳೆಯ ವ್ಯಾನೊಂದನ್ನು ಫೋರ್ ವೀಲ್ ಮಾಡಿ ಮನೆಯಾಗಿಸಬೇಕೆಂದು ಅವನು ನಕ್ಷೆ ಬರೆಯುತ್ತಿದ್ದಾಗ, ಅವನ ತಾಯಿ ನನ್ನನ್ನು ಕೇಳಿದರು: “ನಾವು ಎತ್ತಿನ ಗಾಡಿ ಕಟ್ಕೊಂಡು ಇದೇ ದಾರೀಲಿ ಹೋಗ್ತಿದ್ವಲ್ಲ ಮೇಷ್ಟ್ರೇ, ಆಗ ಯಾವ ಫೋರ್ ವೀಲ್ ಇತ್ತು?” ಪ್ರಶ್ನೆ ತಮಾಷೆಯದಲ್ಲ. ಉತ್ತರ ಹುಡುಕಹೊರಟರೆ ಎತ್ತಿನ ಗಾಡಿಯಿಂದಲೇ ತೊಡಗಬೇಕಾಗುತ್ತದೆ.

ಬಂಡಿಗೆ ಕನ್ನಡದಲ್ಲಿ ಹೆಸರುಗಳು ಹಲವು. ಸಂಸ್ಕೃತದ ಶಕಟ ಹಳಗನ್ನಡದಲ್ಲಿ ಸಗಡವಾಯಿತು. ಬಂಡಿ, ಗಾಡಿ, ಚಕ್ಕಡಿ, ಕೊಲ್ಲಾರಿ, ಕಮಾನುಗಾಡಿ, ಸವಾರಿ ಗಾಡಿ ಎಂದು ಊರಿಗೊಂದು, ಉಪಯೋಗಕ್ಕೊಂದು ಮಾತು. ಅದರ ಅಂಗಗಳಿಗೂ ಹಾಗೆಯೇ: ಗುಂಬ, ಅರೆಕಾಲು, ಅಚ್ಚು, ಮೂಕಿ, ನೊಗ, ಕಡೆಗೀಲು. ಚಕ್ರ ಅಚ್ಚಿನಿಂದ ಕಳಚಿ ಬೀಳದಂತೆ ತುದಿಯಲ್ಲಿ ಸಿಕ್ಕಿಸುವ ಸಣ್ಣ ಮೊಳೆಯೇ ಕಡೆಗೀಲು. ಜೇಡರ ದಾಸಿಮಯ್ಯನು ಒಂದು ವಚನದಲ್ಲಿ ದೇಹವನ್ನು ಬಂಡಿಯಾಗಿಯೂ ಶರಣರ ಮಾತನ್ನು ಅದರ ಕಡೆಗೀಲಾಗಿಯೂ ಕಂಡಿದ್ದಾನೆ. ಬಂಡಿಯನ್ನು ಹತ್ತಿರದಿಂದ ನೋಡಿದವನಿಗಲ್ಲದೆ, ಇಷ್ಟು ದೊಡ್ಡ ವಸ್ತುವಿನ ಪ್ರಾಣ ಅಷ್ಟು ಚಿಕ್ಕ ಕೀಲಿನಲ್ಲಿದೆ ಎಂಬುದು ಹೊಳೆಯುವಂತಿಲ್ಲ.

ಬಂಡಿಯನ್ನು ಕಟ್ಟುತ್ತಿದ್ದವರು ಊರಿನ ಬಡಗಿ ಮತ್ತು ಕಮ್ಮಾರ. ಬಯಲುಸೀಮೆಯಲ್ಲಿ ಜಾಲಿ, ಮಲೆನಾಡಿನಲ್ಲಿ ಮತ್ತಿ, ಹೊನ್ನೆ, ತೇಗ, ಹೀಗೆ ಕೈಗೆಟಕುವ ಮರವನ್ನು ಅದರ ಗುಣವರಿತು ಅವರು ಬಳಸುತ್ತಿದ್ದರು. ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವ ದಿನವಂತೂ ಊರಿನ ಮಕ್ಕಳಿಗೆ ಹಬ್ಬ. ಪಟ್ಟಿಯ ಸುತ್ತಳತೆಯನ್ನು ಗಾಲಿಯ ಸುತ್ತಳತೆಗಿಂತ ಕೊಂಚ ಕಿರಿದಾಗಿಯೇ ಇಟ್ಟು, ಬೆರಣಿಯ ಬೆಂಕಿಯಲ್ಲಿ ಅದನ್ನು ಕೆಂಪಗೆ ಕಾಯಿಸುತ್ತಾರೆ. ಕಾದ ಕಬ್ಬಿಣ ಹಿಗ್ಗುತ್ತದೆ. ಹಿಗ್ಗಿದಾಗ ಗಾಲಿಗೆ ತೊಡಿಸಿ ನೀರೆರೆದರೆ ಅದು ಕುಗ್ಗಿ, ಗುಂಬ, ಅರೆಕಾಲು, ಸುತ್ತಿನ ಮರ ಎಲ್ಲವನ್ನೂ ಬಿಗಿದು ಒಂದು ಮಾಡುತ್ತದೆ. ಎಷ್ಟು ಕಿರಿದಾಗಿರಬೇಕು ಎಂಬ ಲೆಕ್ಕ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಅದು ಕಮ್ಮಾರನ ಕಣ್ಣಿನಲ್ಲಿತ್ತು. ಬಿಗಿ ಹೆಚ್ಚಾದರೆ ಅರೆಕಾಲು ಬಾಗುತ್ತದೆ, ಕಡಿಮೆಯಾದರೆ ಬೇಸಗೆಯಲ್ಲಿ ಮರ ಒಣಗಿ ಪಟ್ಟಿ ಕಳಚುತ್ತದೆ.

ಈ ಬಂಡಿ ಮನೆಯೂ ಆಗುತ್ತಿತ್ತು. ಬಿದಿರನ್ನು ಬಗ್ಗಿಸಿ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ ಜಮಖಾನ ಹರಡಿದರೆ ಅದೇ ಹಾಸಿಗೆಯ ಕೋಣೆ. ಕೆಳಗೆ ತೂಗುವ ಲಾಟೀನು, ಪಕ್ಕದಲ್ಲಿ ನೀರಿನ ಕೊಡ, ಹಿಂದೆ ಎತ್ತಿನ ಮೇವು. ನಿಂತಲ್ಲಿ ಮೂರು ಕಲ್ಲಿಟ್ಟರೆ ಅಡಿಗೆಮನೆ. ಉಳವಿಯ ಚೆನ್ನಬಸವೇಶ್ವರನ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಹೀಗೆ ಬಂಡಿ ಹೂಡಿಕೊಂಡು ಉತ್ತರ ಕನ್ನಡದ ದಟ್ಟಡವಿಯ ನಡುವೆ ದಿನಗಟ್ಟಲೆ ಪ್ರಯಾಣ ಮಾಡುತ್ತ ಬಂದಿದ್ದಾರೆ. ಸವದತ್ತಿಯ ಎಲ್ಲಮ್ಮನ ಜಾತ್ರೆಗೂ ಇದೇ ಬಗೆಯಲ್ಲಿ ಹೋಗುವವರುಂಟು. ಈಗ ಬಂಡಿಗಳ ಜೊತೆಗೆ ಟ್ರ್ಯಾಕ್ಟರುಗಳೂ ಹೊರಡುತ್ತವೆ. ಟ್ರೇಲರಿಗೆ ಕಮಾನು ಕಟ್ಟಿ ಟಾರ್ಪಾಲು ಹೊದಿಸಿ ಅದನ್ನೇ ಮನೆ ಮಾಡಿಕೊಳ್ಳುತ್ತಾರೆ. ಕ್ಯಾಂಪರ್ ಎಂಬ ಮಾತನ್ನು ಕೇಳದ ಜನ ಕ್ಯಾಂಪರನ್ನು ಕಟ್ಟಿಕೊಂಡದ್ದು ಹೀಗೆ.

ಮಲೆನಾಡಿನ ದಾರಿ ಮಾತ್ರ ಗಾಡಿಗೆ ಎಂದೂ ಸಲೀಸಾಗಿರಲಿಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯ ಆರಂಭದಲ್ಲಿಯೇ ಗಾಡಿ ಉರುಳಿ ಹೂವಯ್ಯನ ಬೆನ್ನಿಗೆ ಪೆಟ್ಟಾಗುತ್ತದೆ, ಕತೆಯ ಮುಂದಿನ ಗತಿಗೆ ಆ ಒಂದು ಅಪಘಾತವೇ ಕಾರಣವಾಗುತ್ತದೆ. ಏರಿನಲ್ಲಿ ಇನ್ನೊಂದು ಜೊತೆ ಎತ್ತು ಹೂಡುವುದು, ಇಳಿಜಾರಿನಲ್ಲಿ ಗಾಡಿಯ ಹಿಂದೆ ಮರದ ಕೊರಡು ಕಟ್ಟಿ ವೇಗ ತಡೆಯುವುದು, ಚಕ್ರ ಹೂತ ಕಡೆ ಸೊಪ್ಪು ಕಲ್ಲು ಹಾಕುವುದು, ಇವೆಲ್ಲ ಗಾಡಿ ಹೊಡೆಯುವವನ ಪಾಠಗಳು.

ಆ ತಾಯಿಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಎತ್ತಿನ ಗಾಡಿಯಲ್ಲಿ ಚಕ್ರ ಭಾರ ಹೊರುತ್ತದೆಯೇ ಹೊರತು ಎಳೆಯುವುದಿಲ್ಲ. ಎಳೆಯುವುದು ಎತ್ತುಗಳ ಎಂಟು ಕಾಲು. ಒಂದು ಗೊರಸು ಜಾರಿದರೆ ಇನ್ನೊಂದು ನೆಲವನ್ನು ಕಚ್ಚುತ್ತದೆ. ಹೆಜ್ಜೆ ಎಲ್ಲಿಡಬೇಕೆಂದು ನೋಡಿಕೊಳ್ಳಲು ಎತ್ತಿಗೆ ಕಣ್ಣೂ ಇದೆ. ಮೋಟಾರು ಬಂದಾಗ ಹೊರುವ ಕೆಲಸ, ಎಳೆಯುವ ಕೆಲಸ ಎರಡೂ ಚಕ್ರದ ಪಾಲಿಗೇ ಬಂದವು. ಅದರಲ್ಲಿಯೂ ಎಳೆಯುವ ಹೊಣೆಯನ್ನು ಎರಡೇ ಚಕ್ರಗಳಿಗೆ ವಹಿಸಿ, ಉಳಿದೆರಡನ್ನು ಬರಿಯ ಹೊರೆಯಾಳುಗಳನ್ನಾಗಿ ಮಾಡಿದರು. ಸಮನಾದ ಗಟ್ಟಿ ರಸ್ತೆಯಲ್ಲಿ ಇದರಿಂದ ತೊಂದರೆಯಿಲ್ಲ. ಕೆಸರಿನಲ್ಲಿ ಎಳೆಯುವ ಚಕ್ರ ಜಾರಿತೆಂದರೆ ಅದು ನಿಂತಲ್ಲಿಯೇ ತಿರುಗಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಫೋರ್ ವೀಲ್ ಎಂಬುದು ಎತ್ತಿನ ಎಂಟು ಕಾಲುಗಳಲ್ಲಿ ನಾಲ್ಕನ್ನಾದರೂ ಮೋಟಾರಿಗೆ ಮರಳಿ ಕೊಡುವ ಪ್ರಯತ್ನವೆಂದರೆ ತಪ್ಪಾಗಲಾರದು.

ಆ ಪ್ರಯತ್ನ ಸುಲಭದ್ದಾಗಿರಲಿಲ್ಲ. ಹಿಂದಿನ ಚಕ್ರ ನೇರವಾಗಿ ಉರುಳಿದರೆ ಸಾಕು; ಮುಂದಿನ ಚಕ್ರ ಎಡಕ್ಕೂ ಬಲಕ್ಕೂ ತಿರುಗಬೇಕು. ತಿರುಗುವ ಚಕ್ರಕ್ಕೆ ಎಂಜಿನ್ನಿನ ಶಕ್ತಿಯನ್ನು ಒಯ್ಯುವುದು ಹೇಗೆ? ನಮ್ಮ ಮಣಿಕಟ್ಟು ಬಾಗಿದಾಗಲೂ ಕೈ ಬಲ ಕಳೆದುಕೊಳ್ಳದಂತೆ, ಬಾಗಿಯೂ ತಿರುಗಬಲ್ಲ ಕೀಲೊಂದು ಬೇಕಾಗಿತ್ತು. ೧೯೦೩ರಲ್ಲಿ ಹಾಲೆಂಡಿನ ಸ್ಪೈಕರ್ ಸಂಸ್ಥೆ ನಾಲ್ಕು ಚಕ್ರವೂ ಎಳೆಯುವ ಪಂದ್ಯದ ಕಾರೊಂದನ್ನು ಮಾಡಿತು. ೧೯೦೮ರಲ್ಲಿ ಅಮೆರಿಕದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಆಟೋ ಜಾಕೋವ್, ವಿಲಿಯಂ ಬೆಸರ್ಡಿಕ್ ಎಂಬಿಬ್ಬರು ಕಸುಬುದಾರರು ಗುಂಡಿನಾಕಾರದ ಗೂಡಿನಲ್ಲಿ ಅಡಗಿದ ಇಂಥ ಕೀಲಿಗೆ ಹಕ್ಕುಪತ್ರ ಪಡೆದರು. ಅವರು ದೊಡ್ಡ ಕಾರ್ಖಾನೆಯ ಒಡೆಯರಾಗಿರಲಿಲ್ಲ. ತಮ್ಮ ಯಂತ್ರದಂಗಡಿಯಲ್ಲಿ ಕೈ ಮಸಿ ಮಾಡಿಕೊಂಡವರು. ಈ ಸಂಗತಿ ನನಗೆ ಬಹಳ ಹಿಡಿಸಿದೆ.

ಹೊಸ ವಿದ್ಯೆಗೆ ಹಣ ಸುರಿಯುವುದು ಬಹುಮಟ್ಟಿಗೆ ಯುದ್ಧ. ೧೯೪೦ರಲ್ಲಿ ಅಮೆರಿಕದ ಸೈನ್ಯ ಹಗುರವಾದ ನಾಲ್ಕು ಚಕ್ರದ ಎಳೆತದ ವಾಹನವೊಂದು ಬೇಕೆಂದು, ಮಾದರಿಯನ್ನು ೪೯ ದಿನಗಳಲ್ಲಿ ಒಪ್ಪಿಸಬೇಕೆಂದು ಕೇಳಿತು. ಬ್ಯಾಂಟಂ ಎಂಬ ಚಿಕ್ಕ ಸಂಸ್ಥೆ ಅಷ್ಟು ದಿನಗಳಲ್ಲಿಯೇ ಅದನ್ನು ಮಾಡಿಕೊಟ್ಟಿತು. ಮುಂದೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಯುದ್ಧ ಮುಗಿಯುವುದರೊಳಗೆ ಅಂಥ ಆರು ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ತಯಾರಿಸಿದವು. ಅದೇ ಜೀಪು. ಯುದ್ಧ ಮುಗಿದ ಬಳಿಕ ಅದು ಹೊಲಕ್ಕೆ, ತೋಟಕ್ಕೆ, ಕಾಡಿಗೆ ಬಂತು. ೧೯೪೭ರಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸತೊಡಗಿತು. ನಮ್ಮ ಸ್ವಾತಂತ್ರ್ಯವೂ, ಭದ್ರಾ ಅಣೆಕಟ್ಟಿನ ಕೆಲಸವೂ, ದೇಶದ ಜೀಪೂ ಒಂದೇ ವರ್ಷದಲ್ಲಿ ಆರಂಭವಾದವು ಎಂಬುದು ಕಾಕತಾಳೀಯವಿರಬಹುದು. ಆದರೆ ಮುಂದಿನ ಐವತ್ತು ವರ್ಷ ಅರಣ್ಯ, ಕಂದಾಯ, ಲೋಕೋಪಯೋಗಿ, ಆರೋಗ್ಯ, ಯಾವ ಇಲಾಖೆಯ ಬಾಗಿಲಿಗೆ ಹೋದರೂ ಅಲ್ಲೊಂದು ಜೀಪು ನಿಂತಿರುತ್ತಿತ್ತು. ಮಲೆನಾಡಿನ ಮಕ್ಕಳಿಗೆ ‘ಸರ್ಕಾರ’ ಎಂದರೆ ಮೊದಲು ಕಿವಿಗೆ ಬೀಳುತ್ತಿದ್ದುದು ಜೀಪಿನ ಸದ್ದು.

ಜೀಪನ್ನು ಮಲೆನಾಡು ಬಂದ ಹಾಗೆಯೇ ಇಟ್ಟುಕೊಳ್ಳಲಿಲ್ಲ. ಬಟ್ಟೆಯ ಮೇಲ್ಹೊದಿಕೆ ನಮ್ಮ ಮಳೆಗೆ ತಡೆಯದೆ ತಗಡಿನ ಮಾಡು ಬಂತು. ಇಬ್ಬರು ಕೂರುವ ಹಿಂಭಾಗವನ್ನು ಉದ್ದ ಮಾಡಿ ಎದುರುಬದುರು ಹಲಗೆ ಹಾಕಿ ಹತ್ತು ಮಂದಿಯನ್ನು ಕೂರಿಸಿದರು. ಪೆಟ್ರೋಲು ತುಟ್ಟಿಯಾದಾಗ ಆ ಎಂಜಿನ್ನು ಇಳಿಸಿ ಡೀಸೆಲ್ ಎಂಜಿನ್ನು ಏರಿಸಿದರು. ಅಡಿಕೆ ಮೂಟೆ, ಬಾಳೆಗೊನೆ, ಬಸುರಿ ಹೆಂಗಸು, ಮದುವೆಯ ದಿಬ್ಬಣ, ಎಲ್ಲವನ್ನೂ ಒಂದೇ ಜೀಪು ಹೊತ್ತದ್ದನ್ನು ಬಾಲ್ಯದಲ್ಲಿ ನಾನೇ ಕಂಡಿದ್ದೇನೆ. ೧,೩೪೩ ಮೀಟರು ಎತ್ತರದ ಕೊಡಚಾದ್ರಿಯ ಕೊನೆಯ ಏರುದಾರಿಯನ್ನು ಹತ್ತುವ ಬಾಡಿಗೆ ಜೀಪುಗಳನ್ನು ನೋಡಿದವರಿಗೆ ಈ ಮಾತಿನ ಅರ್ಥವಾಗುತ್ತದೆ. ಕಲ್ಲು ಯಾವುದು, ಕೊರಕಲು ಯಾವುದು, ಯಾವ ತಿರುವಿನಲ್ಲಿ ಲೋ ಗೇರಿಗೆ ಹಾಕಬೇಕು ಎಂಬುದು ಆ ಚಾಲಕರಿಗೆ ಅಂಗೈ ಗೆರೆಯಷ್ಟು ಪರಿಚಿತ. ಹಿಂದೆ ಕಮ್ಮಾರನ ಕಣ್ಣಿನಲ್ಲಿದ್ದ ಲೆಕ್ಕ ಈಗ ಇವರ ಅಂಗಾಲಿನಲ್ಲಿದೆ.

ವ್ಯಾನಿಗೂ ಫೋರ್ ವೀಲಿಗೂ ನಂಟು ಬೆಳೆದದ್ದು ಕೂಡ ಈ ಕಾಲದಲ್ಲಿಯೇ. ೧೯೬೫ರಲ್ಲಿ ಮಹೀಂದ್ರದವರು ಎಫ್.ಸಿ. ೧೫೦ ಎಂಬ ಗಾಡಿಯನ್ನು ತಂದರು. ಜೀಪಿನ ಎಂಜಿನ್ನಿನ ಮೇಲೆಯೇ ಚಾಲಕ ಕೂರುವಂತೆ ಮಾಡಿ, ಮೂತಿಯಲ್ಲಿ ವ್ಯರ್ಥವಾಗುತ್ತಿದ್ದ ಜಾಗವನ್ನು ಸರಕಿಗೆ ಉಳಿಸಿದ ಗಾಡಿ ಅದು. ಈ ಬಗೆಯ ಚಾಸಿಯ ಮೇಲೆ ಪೆಟ್ಟಿಗೆಯಂಥ ಬಾಡಿ ಕೂರಿಸಿದರೆ ವ್ಯಾನಾಯಿತು, ಆಂಬುಲೆನ್ಸಾಯಿತು, ಪೊಲೀಸರ ಗಾಡಿಯಾಯಿತು. ಚಾಸಿ ಕಾರ್ಖಾನೆಯದು, ಬಾಡಿ ಊರಿನದು ಎಂಬ ಈ ಪಾಲು ನಮ್ಮ ಲಾರಿ ಬಸ್ಸುಗಳ ಚರಿತ್ರೆಯಲ್ಲಿ ಬಹುಕಾಲ ನಡೆದುಬಂದಿದೆ. ಎತ್ತಿನ ಗಾಡಿ ಕಟ್ಟುತ್ತಿದ್ದ ಬಡಗಿ ಕಮ್ಮಾರರ ಮಕ್ಕಳಲ್ಲಿ ಅನೇಕರು ಲಾರಿಯ ಬಾಡಿ ಕಟ್ಟುವವರಾದರು. ಉಳಿಯ ಜಾಗಕ್ಕೆ ವೆಲ್ಡಿಂಗ್ ಬಂತು. ಅಳತೆಯ ಕೋಲು ಹಾಗೆಯೇ ಉಳಿಯಿತು.

ಇನ್ನು ಕ್ಯಾಂಪರಿನ ಮಾತು. ಅದರ ಹುಟ್ಟು ಬೇರೆ ಕಡೆ. ಯುದ್ಧದಲ್ಲಿ ನೆಲಸಮವಾಗಿದ್ದ ಜರ್ಮನಿಯಲ್ಲಿ ೧೯೫೦ರಲ್ಲಿ ಫೋಕ್ಸ್‌ವ್ಯಾಗನ್ ಸಂಸ್ಥೆ ಪೆಟ್ಟಿಗೆಯಾಕಾರದ ವ್ಯಾನೊಂದನ್ನು ಮಾರುಕಟ್ಟೆಗೆ ತಂದಿತು. ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆ ಅದರೊಳಗೆ ಬೇಕಾದಾಗ ಜೋಡಿಸಿ ಬೇಡವಾದಾಗ ತೆಗೆದಿಡಬಹುದಾದ ಮಂಚ, ಬೀರುಗಳನ್ನು ಅಳವಡಿಸಿತು. ವಾರವೆಲ್ಲ ಸರಕು ಹೊತ್ತ ಗಾಡಿ ಭಾನುವಾರ ಮನೆಯಾಗುತ್ತಿತ್ತು. ಅರವತ್ತು ಎಪ್ಪತ್ತರ ದಶಕಗಳಲ್ಲಿ ಯೂರೋಪಿನ ತರುಣ ತರುಣಿಯರು ಇಂಥ ವ್ಯಾನುಗಳಲ್ಲಿ ತುರ್ಕಿ, ಇರಾನ್, ಆಫ್ಘಾನಿಸ್ಥಾನಗಳನ್ನು ದಾಟಿ ಭಾರತಕ್ಕೆ ಬಂದರು. ಗೋವೆಯ ಕಡಲತೀರದಲ್ಲಿ ಬೀಡುಬಿಟ್ಟರು. ೧೯೮೫ರ ಸುಮಾರಿಗೆ ಅದೇ ಫೋಕ್ಸ್‌ವ್ಯಾಗನ್ ವ್ಯಾನಿಗೆ ನಾಲ್ಕು ಚಕ್ರದ ಎಳೆತವೂ ಬಂತು. ಅಮೆರಿಕದಲ್ಲಿ ಮಾತ್ರ ಕತೆ ಬೇರೆಯಾಯಿತು. ಅಲ್ಲಿಯ ಫೋರ್ಡ್ ಕಂಪನಿಯ ದೊಡ್ಡ ವ್ಯಾನಿಗೆ ಕಾರ್ಖಾನೆಯವರೇ ಅದನ್ನು ಕೊಡದಿದ್ದುದರಿಂದ, ಖಾಸಗಿ ವರ್ಕ್‌ಷಾಪುಗಳು ಪಿಕಪ್ ಟ್ರಕ್ಕಿನ ಮುಂದಿನ ಅಚ್ಚನ್ನು ತಂದು ವ್ಯಾನಿಗೆ ಕಟ್ಟುವ ಕಸುಬನ್ನು ಬೆಳೆಸಿದವು.

ನಮ್ಮಲ್ಲಿ ದೊಡ್ಡ ವ್ಯಾನೆಂದರೆ ಟೆಂಪೊ ಟ್ರಾವೆಲರ್. ೧೯೮೭ರಲ್ಲಿ ಬಜಾಜ್ ಟೆಂಪೊ ಸಂಸ್ಥೆ ಜರ್ಮನಿಯ ಮಾದರಿಯೊಂದನ್ನು ಅನುಸರಿಸಿ ತಂದ ಗಾಡಿ ಇದು. ಆ ಸಂಸ್ಥೆಗೆ ಈಗ ಫೋರ್ಸ್ ಮೋಟಾರ್ಸ್ ಎಂದು ಹೆಸರು. ಧರ್ಮಸ್ಥಳ, ಶೃಂಗೇರಿ, ತಿರುಪತಿಗಳ ಯಾತ್ರೆಗೆ ಹೊರಡುವ ಕುಟುಂಬಗಳಿಗೆಲ್ಲ ಇದು ಪರಿಚಿತ. ನಮ್ಮ ರಸ್ತೆಗಳಲ್ಲಿ ಕಾಣುವವುಗಳಲ್ಲಿ ಹೆಚ್ಚಿನವು ಹಿಂದಿನ ಚಕ್ರಗಳಿಂದ ನಡೆಯತಕ್ಕವು. ಇಂಥದನ್ನು ಫೋರ್ ವೀಲ್ ಮಾಡುವುದೆಂದರೆ ಏನೇನು ಮಾಡಬೇಕು ಎಂಬುದನ್ನು ನನ್ನ ವಿದ್ಯಾರ್ಥಿ ವಿವರಿಸಿದಾಗ, ವ್ಯಾಕರಣ ಪಾಠದಲ್ಲಿ ಅವನಿಂದ ಎಂದೂ ಕಾಣದ ಸ್ಪಷ್ಟತೆಯನ್ನು ಕಂಡೆ.

ಮುಂದಿನ ಅಚ್ಚು ಬರಿಯ ಹೊರುವ ಅಚ್ಚು. ಅದನ್ನು ಕಳಚಿ, ಒಳಗೆ ಗೇರುಗಳುಳ್ಳ ಜೀವಂತ ಅಚ್ಚನ್ನು ಕೂರಿಸಬೇಕು. ಗೇರು ಪೆಟ್ಟಿಗೆಯ ಹಿಂದೆ ಇನ್ನೊಂದು ಪೆಟ್ಟಿಗೆ ಬರಬೇಕು. ಎಂಜಿನ್ನಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವುದು ಅದರ ಕೆಲಸ. ಮುಂದಿನ ಅಚ್ಚಿನ ಗೇರಿನ ಪ್ರಮಾಣವೂ ಹಿಂದಿನದರ ಪ್ರಮಾಣವೂ ಒಂದೇ ಆಗಿರಬೇಕು. ಇಲ್ಲವಾದರೆ ಹೆಜ್ಜೆ ಕೂಡದ ಎತ್ತುಗಳನ್ನು ಒಂದೇ ನೊಗಕ್ಕೆ ಹೂಡಿದ ಹಾಗೆ ಒಂದನ್ನೊಂದು ಜಗ್ಗಾಡಿ ಗೇರು ಮುರಿಯುತ್ತವೆ. ಪ್ರಮಾಣ ಒಂದೇ ಇದ್ದರೂ ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ತಿರುಗಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಕೆಸರಿನಲ್ಲಾದರೆ ಜಾರಿ ಸರಿಹೋಗುವ ಈ ವ್ಯತ್ಯಾಸ ಡಾಂಬರಿನಲ್ಲಿ ಅಚ್ಚನ್ನೇ ಹಿಂಡುತ್ತದೆ. ನಾಲ್ಕೂ ಎಳೆಯುತ್ತವೆ ಎಂದು ಹಿಗ್ಗುವಂತೆಯೂ ಇಲ್ಲ. ಒಂದು ಅಚ್ಚಿನ ಎರಡು ಚಕ್ರಗಳಲ್ಲಿ ಒಂದು ಅಂತರದಲ್ಲಿ ತೂಗಿದರೆ ಶಕ್ತಿಯೆಲ್ಲ ಆ ಕಡೆಗೇ ಹರಿದು ನೆಲ ಮುಟ್ಟಿದ ಚಕ್ರ ಸುಮ್ಮನಾಗುತ್ತದೆ. ಅದಕ್ಕೆಂದೇ ಅವೆರಡನ್ನೂ ಬೀಗ ಹಾಕಿದಂತೆ ಬಂಧಿಸುವ ಬೇರೆ ಏರ್ಪಾಡು ಬೇಕು.

ಅಚ್ಚು ಬದಲಾದರೆ ಗಾಡಿ ಎತ್ತರವಾಗುತ್ತದೆ. ಎತ್ತರವಾದರೆ ತೂಕದ ಕೇಂದ್ರ ಮೇಲೇರುತ್ತದೆ. ತಿರುವಿನಲ್ಲಿ ವಾಲುವ ಭಯ ಹೆಚ್ಚುತ್ತದೆ. ಹೂವಯ್ಯನ ಗಾಡಿಯ ಕತೆಯನ್ನು ಇಲ್ಲಿ ನೆನೆಯಬೇಕು. ಮನೆ ಕಟ್ಟುವ ಕೆಲಸ ಈ ಭಯಕ್ಕೆ ತಕ್ಕಂತೆ ನಡೆಯಬೇಕು. ನೂರು ಲೀಟರು ನೀರೆಂದರೆ ನೂರು ಕಿಲೋ ತೂಕ. ಅದನ್ನು ಮಾಡಿನ ಮೇಲಿಟ್ಟರೆ ಒಂದು ಫಲ, ಎರಡು ಅಚ್ಚುಗಳ ನಡುವೆ ನೆಲದ ಮಟ್ಟದಲ್ಲಿಟ್ಟರೆ ಇನ್ನೊಂದು ಫಲ. ಬ್ಯಾಟರಿ, ನೀರು, ಪಾತ್ರೆ ಕೆಳಗೆ. ಹಾಸಿಗೆ, ಬಟ್ಟೆ ಮೇಲೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅಂಥ ಮಳೆಯಲ್ಲಿ ತಗಡಿನ ಪೆಟ್ಟಿಗೆಯೊಳಗೆ ಮುಚ್ಚಿಕೊಂಡು ಮಲಗಿದರೆ ಉಸಿರಿನ ಹಬೆಯೇ ತಗಡಿಗೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ; ವಾರದಲ್ಲಿ ಹಾಸಿಗೆಗೆ ಬೂಸಲು ಹಿಡಿಯುತ್ತದೆ. ಒಲೆ ಹಚ್ಚಿದಾಗ ಹೊಗೆ ಅನಿಲ ಹೊರಹೋಗುವ ದಾರಿ ಇರದಿದ್ದರೆ ಪ್ರಾಣಕ್ಕೇ ಅಪಾಯ. ಚಾಪೆಯ ಕಮಾನುಗಾಡಿ ಎರಡು ಕಡೆಯೂ ತೆರೆದಿದ್ದು ಬಡತನದಿಂದಲ್ಲ. ಮಳೆ ತಡೆಯಬೇಕು, ಗಾಳಿ ಆಡಬೇಕು ಎಂಬ ಎರಡು ಬೇಡಿಕೆಗಳಿಗೂ ಅದು ಕಂಡುಕೊಂಡ ಉತ್ತರ ಅದು.

ಇಷ್ಟೆಲ್ಲ ಜಾಣ್ಮೆಯಿಂದ ಮಾಡಿದ ಗಾಡಿ ರಸ್ತೆಗಿಳಿಯಬಹುದೇ? ಇಲ್ಲಿ ಕಾನೂನು ಅಡ್ಡ ನಿಲ್ಲುತ್ತದೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಸೆಕ್ಷನ್ನಿನಂತೆ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವ ಹಾಗೆ ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಮಾರ್ಪಾಡು ಒಂದಕ್ಕೆ ೫,೦೦೦ ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಿತು. ಇನ್ನೊಂದು ಕಡೆ, ೨೦೦೪ರ ಕೇಂದ್ರ ಅಧಿಸೂಚನೆಯಲ್ಲಿ ಸ್ವಂತ ಬಳಕೆಯ ಕ್ಯಾಂಪರ್ ವ್ಯಾನಿಗೆ ಪ್ರತ್ಯೇಕ ಸ್ಥಾನವೇ ಇದೆ. ಅಂದರೆ ಚಕ್ರದ ಮೇಲೆ ಮನೆ ಇರಬಹುದು. ಅದಕ್ಕಾಗಿ ಅಚ್ಚನ್ನು ನಿನ್ನಿಷ್ಟದಂತೆ ಬದಲಾಯಿಸಬೇಡ ಎಂದು ಕಾನೂನು ಹೇಳಿದ ಹಾಗಾಯಿತು.

ಕಾನೂನಿನ ಆತಂಕ ಅಕಾರಣವಲ್ಲ. ಕಡೆಗೀಲು ಸಡಿಲವಾದ ಬಂಡಿ ಅದರಲ್ಲಿ ಕೂತವನನ್ನು ಮಾತ್ರ ಬೀಳಿಸೀತು. ಬ್ರೇಕು ತಪ್ಪಿದ ಮೂರು ಟನ್ನಿನ ವ್ಯಾನು ದಾರಿಹೋಕರನ್ನೂ ಕೊಲ್ಲುತ್ತದೆ. ಆದರೆ ಮಾರ್ಪಾಡು ಎಂಬ ಮಾತನ್ನೇ ಅಪರಾಧದ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡರೆ, ಕೊಡಚಾದ್ರಿಯ ಜೀಪನ್ನು ಏರಿಸಿದ ವಿದ್ಯೆಗೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ. ಸರ್ಕಾರಕ್ಕೇ ಈ ವಿದ್ಯೆ ಬೇಕಾದ ಸಮಯಗಳಿವೆ. ೧೯೪೮ರ ಸೆಪ್ಟೆಂಬರ್ ೧೨ರಂದು ೧೨೦ ಬಸ್ಸುಗಳೊಡನೆ ಆರಂಭವಾದ ಮೈಸೂರು ಸರ್ಕಾರಿ ಸಾರಿಗೆಯೇ ಇಂದಿನ ಕೆ.ಎಸ್.ಆರ್.ಟಿ.ಸಿ. ೨೦೨೦ರ ಸಾಂಕ್ರಾಮಿಕದ ದಿನಗಳಲ್ಲಿ ಅದು ಬಸ್ಸುಗಳನ್ನು ಜ್ವರ ತಪಾಸಣೆಯ ಸಂಚಾರಿ ಚಿಕಿತ್ಸಾಲಯಗಳನ್ನಾಗಿ ಮಾಡಿತು. ಅದೇ ವರ್ಷ ಹಳೆಯ ಬಸ್ಸೊಂದನ್ನು ಬೆಂಗಳೂರಿನಲ್ಲಿ ಸ್ತ್ರೀಯರ ಶೌಚಾಲಯವನ್ನಾಗಿ ಪರಿವರ್ತಿಸಿತು. ಅವುಗಳನ್ನು ಕಂಡು ನಾವೆಲ್ಲ ಮೆಚ್ಚಿಕೊಂಡೆವು. ಜರ್ಮನಿಯಲ್ಲಿ ಮಾರ್ಪಾಡಾದ ಒಂದೊಂದು ವಾಹನವನ್ನೂ ಅಧಿಕೃತ ಪರೀಕ್ಷಕರು ಬೇರೆಬೇರೆಯಾಗಿ ನೋಡಿ, ಸರಿಯಿದ್ದರೆ ಒಪ್ಪುವ, ಇಲ್ಲದಿದ್ದರೆ ತಿರಸ್ಕರಿಸುವ ಪದ್ಧತಿಯಿದೆ. ನಮ್ಮಲ್ಲಿಯೂ ಅಂಥ ದಾರಿ ತೆರೆದರೆ ಒಳ್ಳೆಯ ಕುಶಲಕರ್ಮಿ ಬೆಳಕಿಗೆ ಬರುತ್ತಾನೆ, ಅರೆಬೆಂದವನು ಬದಿಗೆ ಸರಿಯುತ್ತಾನೆ. ಈಗಿನ ಸ್ಥಿತಿಯಲ್ಲಿ ಇಬ್ಬರೂ ಒಂದೇ ಕತ್ತಲೆಯಲ್ಲಿದ್ದಾರೆ. ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದಿಷ್ಟೆ: ಕಾರ್ಖಾನೆಯಿಂದಲೇ ಫೋರ್ ವೀಲ್ ಆಗಿ ಬಂದ ಗಾಡಿಯನ್ನು ಹುಡುಕು, ಸಾರಿಗೆ ಕಚೇರಿಯಲ್ಲಿ ಮೊದಲು ಕೇಳು, ಅನಂತರ ಒಳಗಿನ ಮನೆಯನ್ನು ನಿನ್ನ ಕೈಯಾರೆ ಕಟ್ಟು. ಅವನಿಗೆ ಅದು ಅಷ್ಟೇನೂ ಹಿಡಿಸಲಿಲ್ಲ, ಆದರೂ ಒಪ್ಪಿದ.

ಇನ್ನೊಂದು ಮಾತು ಉಳಿದಿದೆ. ಎಲ್ಲಿಗೆ ಬೇಕಾದರೂ ಹೋಗಬಲ್ಲ ಗಾಡಿ ಎಲ್ಲಿಗೆ ಹೋಗಬೇಕು? ಭದ್ರಾ ಅಭಯಾರಣ್ಯ ಆ ಹೆಸರಿನಲ್ಲಿ ರೂಪುಗೊಂಡದ್ದು ೧೯೭೪ರಲ್ಲಿ; ೧೯೯೮ರಲ್ಲಿ ಅದು ಹುಲಿ ಯೋಜನೆಗೆ ಸೇರಿತು. ೨೦೦೧ರಿಂದ ಎರಡು ಮೂರು ವರ್ಷಗಳಲ್ಲಿ ಕಾಡಿನೊಳಗಿನ ಹಳ್ಳಿಗಳ ನಾನೂರಕ್ಕೂ ಹೆಚ್ಚು ಕುಟುಂಬಗಳು ಎಂ.ಸಿ. ಹಳ್ಳಿ, ಕೆಳಗೂರುಗಳಿಗೆ ಬಂದು ನೆಲೆಸಿದವು. ಪುನರ್ವಸತಿಯ ಒಳ್ಳೆಯ ಉದಾಹರಣೆಯೆಂದು ಅದನ್ನು ತಜ್ಞರು ಹೊಗಳಿದ್ದಾರೆ. ಹೊಗಳಿಕೆ ಸಲ್ಲಬಹುದು. ಆದರೂ ಹುಟ್ಟಿದ ಮನೆಯ ಜಂತಿ ಬಾಗಿಲುಗಳನ್ನು ಬಿಚ್ಚಿ ಗಾಡಿಗೇರಿಸುವುದು ಹಗುರವಾದ ಕೆಲಸವಲ್ಲ. ನನ್ನ ವಿದ್ಯಾರ್ಥಿಯ ತಾಯಿಯ ತವರು ಅಂಥದೊಂದು ಹಳ್ಳಿ. ಕಾಡಿಗಾಗಿ ಅವರು ಮನೆಯನ್ನು ಬಿಟ್ಟು ಬಂದರು. ಈಗ ನಾವು ಮನೆಯನ್ನೇ ಚಕ್ರದ ಮೇಲೆ ಹೇರಿಕೊಂಡು ಅದೇ ಕಾಡಿನ ಅಂಚಿನಲ್ಲಿ ಒಂದು ರಾತ್ರಿಯ ಸುಖವನ್ನು ಅರಸಿ ಹೊರಟಿದ್ದೇವೆ. ಈ ವಿಪರ್ಯಾಸವನ್ನು ಕಾಣದೆ ಫೋರ್ ವೀಲಿನ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆ.

ಮಗ ಗಾಡಿ ಮಾಡಿದ ಮೇಲೆ ತವರಿನ ದಾರಿಯಲ್ಲಿ ಕರೆದೊಯ್ಯುತ್ತಾನೇನು ಎಂದು ನಾನು ಆಕೆಯನ್ನು ಕೇಳಿದೆ. “ಗೇಟಿನ ತನಕ ಹೋದ್ರೆ ಸಾಕು. ಅಲ್ಲಿಂದಾಚೆ ಈಗ ನಮ್ಮದಲ್ಲ, ಪ್ರಾಣಿಗಳದು” ಎಂದರು. ಈ ಮಾತಿನಲ್ಲಿ ಕೊರಗಿತ್ತೋ, ಒಪ್ಪಿಗೆಯಿತ್ತೋ, ಎರಡೂ ಇದ್ದಿರಬೇಕು. ಗಾಡಿಯನ್ನು ನೆಲಕ್ಕೆ ಹೊಂದಿಸುವ ವಿದ್ಯೆಯ ಬಗ್ಗೆ ನಾನು ಇಷ್ಟು ಹೊತ್ತು ಹೇಳಿದೆ. ಏರಿನಲ್ಲಿ ಎರಡನೆಯ ಜೊತೆ ಎತ್ತು ಹೂಡುವುದು ಆ ವಿದ್ಯೆಯ ಒಂದು ಭಾಗವಾದರೆ, ಇಳಿಜಾರಿನಲ್ಲಿ ಕೊರಡು ಕಟ್ಟುವುದು ಅದರ ಇನ್ನೊಂದು ಭಾಗ. ನಾಲ್ಕು ಚಕ್ರಕ್ಕೂ ಎಳೆತ ಕೊಡಬಲ್ಲ ನಮ್ಮ ಗ್ಯಾರೇಜಿನ ಹುಡುಗರಿಗೆ ಕಾನೂನು ಒಂದು ನೇರವಾದ ದಾರಿಯನ್ನು ಬಿಡಲಿ. ಅವರು ಮಾಡಿದ ಗಾಡಿಯಲ್ಲಿ ಹೊರಟವರು ಕಾಡಿನ ಗೇಟು ಕಂಡಲ್ಲಿ ಎಂಜಿನ್ನು ನಿಲ್ಲಿಸಿ, ಅಲ್ಲಿಯೇ ಒಲೆ ಹಚ್ಚಿ ಕಾಫಿ ಕಾಯಿಸಿಕೊಂಡು ಹಿಂತಿರುಗುವುದನ್ನೂ ಕಲಿಯಲಿ.